ಚಾಲು

ವಿಜಯವಾಡವನ್ನು ಮುಳುಗಿಸಿದ ಪ್ರವಾಹ ನ್ಯಾಯವಾಗಿ ತನ್ನ ಮನೆಗೆ ಬರಬೇಕಾಗಿತ್ತು ಎಂಬ ಸಂಕಟ ರಘುನಂದನನೊಳಗೆ ಮತ್ತೆ ಎದ್ದದ್ದು ಷಡ್ಡಕ ಶ್ರೀಕಂಠನ ಕಾರು ರೈಲ್ವೆ ಸ್ಟೇಷನ್ ಬಿಟ್ಟು ನೂಜಿವೀಡಿನ ದಾರಿ ಹಿಡಿದಾಗ. ಸಿದ್ಧತೆ ಯಾರದು? ತನ್ನದು. ಬಂಗಾಳದಿಂದ ಕನ್ಯಾಕುಮಾರಿಯವರೆಗೆ ದೀಪ ಹಿಡಿದು ಹುಡುಕಿದರೂ ಆಪತ್ತಿಗೆ ಅವನಷ್ಟು ಸಿದ್ಧನಾಗಿ ಕೂತ ಇನ್ನೊಬ್ಬ ಗಂಡಸು ಸಿಗುತ್ತಿರಲಿಲ್ಲ. ವಿಶಾಖಪಟ್ಟಣದ ಆಚೆ, ಅಚ್ಯುತಾಪುರಂ ದಾಟಿ ಒಂದೂವರೆ ಎಕರೆ. ಅದರಲ್ಲಿ ಪಾತಾಳದವರು ಕೆಮ್ಮಿದರೆ ಕೇಳಿಸುವಷ್ಟು ಆಳದ ಬಾವಿ. ಕರೆಂಟು ಸತ್ತರೂ ಸಾಯದ ಕೈಪಂಪು. ಬೇವಿನ ಸೊಪ್ಪು ಹಾಕಿ ಬಿಗಿದಿಟ್ಟ ಡ್ರಮ್ಮುಗಳಲ್ಲಿ ಒಂದು ದಂಡಯಾತ್ರೆಗೆ ಸಾಲುವಷ್ಟು ಕುಣಿಗಲ್ ರಾಗಿ. ಬಾಗಿಲ ಪಕ್ಕದ ಮೊಳೆಗೆ ನೌಕಾಪಡೆಯ ಸೀಟಿ, ಊದಿದರೆ ಬರ್ಮಾದಲ್ಲಿ ನಾಯಿ ಬೊಗಳಬೇಕು. ಇಷ್ಟೆಲ್ಲ ಕಟ್ಟಿಕೊಂಡು ವರ್ಷಗಟ್ಟಲೆ ಕಾದವನ ಕಡೆ ಆಪತ್ತು ಕಣ್ಣೆತ್ತಿಯೂ ನೋಡಲಿಲ್ಲ. ಸಮುದ್ರದಲ್ಲಿ ಹುಟ್ಟಿದ ಒಂದೊಂದು ವಾಯುಭಾರ ಕುಸಿತವೂ ನೇರ ಅವನ ಮನೆಗೇ ಹೊರಟಂತೆ ಹೊರಟು, ಅವನು ಸೀಟಿಯನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದ ಹಾಗೆಯೇ ಒಡಿಶಾದ ಕಡೆ ತಿರುಗಿಕೊಳ್ಳುತ್ತಿತ್ತು. ಕೊನೆಗೂ ಬಂದದ್ದು ಯಾರಿಗೆ? ಬ್ಯಾಂಕಿನ ಫ್ಯಾನಿನ ಕೆಳಗೆ ಸರ್ವಿಸು ಮುಗಿಸಿದ, ಈಜು ಬಾರದ, ನಾಲ್ಕು ಹನಿ ಬಿದ್ದರೆ ಚಪ್ಪಲಿ ಕೈಯಲ್ಲಿ ಹಿಡಿದು ಓಡುವ ಈ ಶ್ರೀಕಂಠನಿಗೆ.

ಬುಡಮೇರು ಹೊಳೆ ಉಕ್ಕಿ ಶ್ರೀಕಂಠನ ಬೀದಿಯಲ್ಲಿ ಆಳೆತ್ತರ ನೀರು ನಿಂತಾಗ ಅವನ ತಾರಸಿಯ ಮೇಲೆ ಎಲ್ಲ ಇತ್ತು: ಡ್ರಮ್ಮಿನಲ್ಲಿ ಕುಡಿಯುವ ನೀರು, ಒಣಗಿದ ಸೌದೆ, ಅಕ್ಕಿ, ಬೇಳೆ, ಆಟೋನಗರ್‌ನಿಂದ ತಂದು ಗಾಳಿ ತುಂಬಿಸಿಟ್ಟ ಲಾರಿ ಟ್ಯೂಬು. ಒಂದೊಂದನ್ನೂ ಇಡಿಸಿದವನು ರಘುನಂದನ. ಹಬ್ಬಕ್ಕೆ ಬಂದಾಗ, ಮದುವೆಮನೆಗಳಲ್ಲಿ ಎಲೆ ಮುಂದೆ ಕೂತಾಗ, ಫೋನಿನಲ್ಲಿ, ಹೇಳಿ ಹೇಳಿ, ಬೈದು, ಬೇಡವೆಂದರೂ ಬಿಡದೆ ಇಡಿಸಿದ್ದು. ಕರೆಂಟು, ನಲ್ಲಿ, ನೆಂಟ, ಮೂರನ್ನೂ ನಂಬಬೇಡ ಎಂದು ಅವನು ಪಾಠ ಹೇಳುವಾಗ ಶ್ರೀಕಂಠ ಹೂಂ ರಘಣ್ಣ ಹೂಂ ಎಂದು ತೂಕಡಿಸುತ್ತಿದ್ದ. ಅದೇ ಶ್ರೀಕಂಠ ಪಂಚೆ ಎತ್ತಿ ಕಟ್ಟಿ ಲಾರಿ ಟ್ಯೂಬಿನ ಮೇಲೆ ಅನ್ನದ ಕೊಳಗ ತೇಲಿಸುತ್ತಿದ್ದದ್ದನ್ನು ಟೀವಿಯವರು ತೋರಿಸಿದರು. ಕೆಳಗೆ ತೆಲುಗಿನಲ್ಲಿ ಅಕ್ಷರ ಓಡಿದವು, ಮುಂದಾಲೋಚನೆಯ ಮನುಷ್ಯ ಎಂದು. ಆ ಹೊತ್ತಿನಲ್ಲಿ ರಘುನಂದನ ತನ್ನ ಒಣ ಮನೆಯಲ್ಲಿ, ಒಣ ಕುರ್ಚಿಯಲ್ಲಿ, ಒಣ ಪಾದಗಳನ್ನು ನೋಡಿಕೊಳ್ಳುತ್ತ ಕೂತಿದ್ದ. ಅವನೊಳಗೆ ಎದ್ದ ಬೆಂಕಿಯನ್ನು ಪೈಪಿನಲ್ಲಿ ಸಾಗಿಸಿದ್ದರೆ ಅಚ್ಯುತಾಪುರಂನ ಅಷ್ಟೂ ಕಾರ್ಖಾನೆಗಳ ಬಾಯ್ಲರು ಉರಿಯುತ್ತಿದ್ದವು. ಹೆಂಡತಿ ಕಮಲಾಕ್ಷಿ ಮಾತ್ರ, ಅಯ್ಯೋ ನಮ್ಮ ಕೃಪಾ ಹೇಗಿದಾಳೋ ಎಂದು ತಂಗಿಗಾಗಿ ಅತ್ತಳು. ಅಳಬೇಕಾದ ಜಾಗದಲ್ಲಿ ತನಗೆ ಅಳು ಬರಲಿಲ್ಲವಲ್ಲ ಎಂಬುದು ರಘುನಂದನನಿಗೆ ಹೊಳೆದದ್ದು ಎಷ್ಟೋ ದಿನದ ಮೇಲೆ, ಗಡ್ಡ ಕೆರೆದುಕೊಳ್ಳುವಾಗ. ಕನ್ನಡಿಯಿಂದ ಕಣ್ಣು ತೆಗೆದು ಗಲ್ಲ ಕುಯ್ದುಕೊಂಡ.

"ಮುಖ ಸ್ವಲ್ಪ ಸರಿ ಮಾಡ್ಕೊಳ್ಳಿ," ಎಂದಳು ಕಮಲಾಕ್ಷಿ ಪಕ್ಕದಲ್ಲಿ, ತುಟಿ ಅಲ್ಲಾಡಿಸದೆ. "ಹರಳೆಣ್ಣೆ ಕುಡಿದವರ ಥರ ಕೂತಿದೀರ."

"ಎಸಿ ಚಾಲಾ, ರಘಣ್ಣ?" ಎಂದ ಶ್ರೀಕಂಠ ಮುಂದಿನಿಂದ.

ಸಾಕಾ ಎಂದು ಕೇಳಿದ್ದು ಅವನು. ಒನ್ ಟೌನ್ ಬ್ರಾಂಚಿನಲ್ಲಿ ಮೆಣಸಿನಕಾಯಿ ಸಗಟು ವ್ಯಾಪಾರಿಗಳ ಜೊತೆ ಏಗಿ ಏಗಿ ನಂಜನಗೂಡಿನ ನಾಲಗೆಗೆ ತೆಲುಗು ಮೆತ್ತಿಕೊಂಡಿತ್ತು. ರಘುನಂದನ ಕಿಟಕಿಯ ಕಡೆ ಮುಖ ತಿರುಗಿಸಿದ. ಆ ಒಂದು ಪದ ಅವನಿಗಾಗದು. ಹುದ್‌ಹುದ್ ಚಂಡಮಾರುತ ಬಂದ ವರ್ಷ ಅವನು ನೌಕಾಪಡೆಯ ನೌಕರಿಯಲ್ಲಿ ಮುಂಬಯಿಯಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದು ಇನ್ನೂ ಪೆಟ್ಟಿಗೆಗಳನ್ನೇ ಬಿಚ್ಚಿರಲಿಲ್ಲ. ಹಡಗಿನ ಹೊಟ್ಟೆಗೆ ತೂತು ಬಿದ್ದರೆ ಸಮುದ್ರವನ್ನು ಭುಜ ಕೊಟ್ಟು ಹೊರಗೇ ನಿಲ್ಲಿಸುವುದು ಅವನ ಕೆಲಸ, ಅಂಥವನ ಬಾಡಿಗೆ ಮನೆಯಲ್ಲಿ ಕುಡಿಯಲು ಒಂದು ಲೋಟ ನೀರಿರಲಿಲ್ಲ. ಊರಿಗೆ ಊರೇ ಬೋಳಾಗಿತ್ತು, ಒಂದು ಮರದಲ್ಲಿ ಎಲೆಯಿಲ್ಲ, ಒಂದು ನಲ್ಲಿಯಲ್ಲಿ ಹನಿಯಿಲ್ಲ. ಎದುರು ಮನೆಯ ಲಕ್ಷ್ಮೀಕಾಂತಮ್ಮನ ಸಂಪಿನಲ್ಲಿ ಮಾತ್ರ ನೀರಿತ್ತು. ಆಕೆ ಜನರೇಟರು ಹಚ್ಚಿ ಬೀದಿಗೆಲ್ಲ ಪೈಪು ಹಿಡಿದಿದ್ದಳು. ತನಗೆ ತೆಲುಗು ನೀರು ಕುಡಿದಂತೆ ಬರುತ್ತದೆ ಎಂದು ಅವನು ಬೀದಿಗೆಲ್ಲ ಹೇಳಿಕೊಂಡಾಗಿತ್ತು. ಬಕೆಟು ಅರ್ಧವಾದಾಗ ಆಕೆ ಕೇಳಿದಳು, ಚಾಲಾ ಬಾಬು? ಅವನು ಹುಟ್ಟಿದ ಕುಣಿಗಲ್ಲಿನಲ್ಲೂ ಮುಂಬಯಿಯಲ್ಲೂ ಚಾಲೂ ಎಂದರೆ ಓಡುತ್ತಿರಲಿ ಎಂದೇ. ಅವನು ಠೀವಿಯಿಂದ, ಚಾಲು ಚಾಲು ಎಂದ. ಆಕೆಯ ತೆಲುಗಿನಲ್ಲಿ ಅದು ಸಾಕು, ಪೈಪು ಪಕ್ಕದ ಬಕೆಟಿಗೆ ಹೋಯಿತು. ಅವನು ಇನ್ನೊಂದು ಸಲ, ಗಟ್ಟಿಯಾಗಿ, ಚಾಲು ಎಂದ. ಆಕೆ ನಕ್ಕು, ಸರಿ ಬಾಬು, ಎಂಥ ದೊಡ್ಡ ಮನಸ್ಸು ನಿಮ್ಮದು ಎಂದು ತೆಲುಗಿನಲ್ಲಿ ಹೊಗಳಿದಳು. ಹಿಂದೆ ನಿಂತವರೂ ಹೊಗಳಿದರು. ಅಷ್ಟು ಹೊಗಳಿಸಿಕೊಂಡ ಮೇಲೆ ಮತ್ತೆ ಕೇಳುವುದು ಹೇಗೆ? ಅರ್ಧ ಬಕೆಟು ಹೊತ್ತು ಮೆಟ್ಟಿಲು ಹತ್ತಿದ. ಉಳಿದದ್ದು ಚೆಲ್ಲಿತು ಎಂದ ಕಮಲಾಕ್ಷಿಗೆ. ಒಂದೂವರೆ ಎಕರೆ, ಬಾವಿ, ಪಂಪು, ಡ್ರಮ್ಮು ಎಲ್ಲ ಹುಟ್ಟಿದ್ದು ಆ ಖಾಲಿ ಅರ್ಧದಿಂದ. ಅದು ಅವನೊಬ್ಬನಿಗೆ ಗೊತ್ತು.

"ಏನ್ರೀ, ಕೇಳ್ತಿದಾರಲ್ಲ," ಎಂದಳು ಕಮಲಾಕ್ಷಿ.

"ಸಾಕು," ಎಂದ ರಘುನಂದನ.

ಶ್ರೀಕಂಠ ಫೋನು ಮಾಡಿ, ರಘಣ್ಣ ನೀವಿಬ್ಬರೂ ಒಂದು ಸಲ ಬಂದು ಹೋಗಿ, ಜಾಗದ ವಿಷಯ, ಫೋನಲ್ಲಿ ಬೇಡ ಎಂದಿದ್ದ. ಜಾಗದ ವಿಷಯ ಅಂದರೆ ಇನ್ನೇನು? ಪ್ರವಾಹ ಇಳಿದ ಮೇಲೆ ಶ್ರೀಕಂಠ ಬೀದಿಯ ಮನೆ ಮಾರಿ ನೂಜಿವೀಡಿನ ಕಡೆ ದಿಬ್ಬದ ಮೇಲೆ ಮಾವಿನ ತೋಟ ಕೊಂಡು ಮನೆ ಕಟ್ಟಿಸಿದ್ದ. ಪಕ್ಕದಲ್ಲಿ ಅವನದೇ ಒಂದು ತುಂಡು ಖಾಲಿ ಇತ್ತು. ಅದನ್ನು ನಮಗೆ ಕೊಡ್ತಾರೆ, ಹೋಗಿಬಿಡೋಣ ಎಂದು ಕಮಲಾಕ್ಷಿ ಆಗಲೇ ಮನಸ್ಸಿನಲ್ಲಿ ಒಲೆ ಹೂಡಿಯಾಗಿತ್ತು. ಅವಳದ್ದು ತಪ್ಪೂ ಅಲ್ಲ. ಅಚ್ಯುತಾಪುರಂನ ಆ ಒಂದೂವರೆ ಎಕರೆಯ ಸುತ್ತ ಈಗ ಆಕಾಶವೊಂದೇ ಖಾಲಿ. ಮೊದಲು ಲೇಔಟಿನವರ ಕೆಂಪು ಬಣ್ಣದ ಗಡಿಕಲ್ಲುಗಳು ಬಂದವು, ಆಮೇಲೆ ಐರಾವತದ ಅಣ್ಣತಮ್ಮಂದಿರಂಥ ಎರಡು ಆನೆ ನಿಲ್ಲಿಸಿದ ಆರ್ಚು, ಆಮೇಲೆ ಕಾರ್ಖಾನೆ ನೌಕರರ ಹಾಸ್ಟೆಲು, ಆಮೇಲೆ ಗೋಡೆಗೆ ಅಂಟಿಕೊಂಡಂತೆ ಅಪಾರ್ಟ್‌ಮೆಂಟು. ಬೀದಿದೀಪದ ಬೆಳಕಿಗೆ ಕೋಳಿಗಳಿಗೆ ಹಗಲು ರಾತ್ರಿ ತಿಳಿಯದೆ ಮೊಟ್ಟೆ ನಿಂತುಹೋಯಿತು. ಹುಂಜ ಕೂಗಿದರೆ ನಿದ್ದೆ ಕೆಡುತ್ತದೆ ಎಂದು ಮಹಡಿಯಿಂದ ದೂರು ಬಂತು. ಎಲ್ಲಕ್ಕಿಂತ ಹೆಚ್ಚಿಗೆ, ಅವರು ಲಾರಿಗಟ್ಟಲೆ ಮಣ್ಣು ಸುರಿದು ರಸ್ತೆ ಎತ್ತರಿಸಿದ್ದರಿಂದ ರಘುನಂದನನ ನೆಲ ತಟ್ಟೆಯ ನಡುವಿನ ಹಳ್ಳವಾಯಿತು. ವೆಂಚರು ಎಂದು ಅಲ್ಲಿಯವರು ಕರೆಯುವ ಆ ಲೇಔಟಿನ ಕೃಷ್ಣಚೈತನ್ಯ ಎಂಬ ನಯವಾದ ಹುಡುಗ ವಾರವಾರ ಬಂದು, ಅಂಕಲ್, ಇಲ್ಲಿ ಕ್ಲಬ್ ಹೌಸ್ ಮಾಡ್ತೀವಿ, ನಿಮ್ಮ ಹೆಸರೇ ಇಡ್ತೀವಿ ಎನ್ನುತ್ತಿದ್ದ. ಇವತ್ತು ಮಧ್ಯಾಹ್ನ ಫೋನು ಮಾಡುತ್ತಾನೆ. ಹೌದೋ ಇಲ್ಲವೋ ಹೇಳಲೇಬೇಕು. ಹೌದು ಎಂದರೆ ಶ್ರೀಕಂಠನ ಪಕ್ಕದಲ್ಲಿ, ಶ್ರೀಕಂಠ ಕೊಟ್ಟ ನೆಲದಲ್ಲಿ, ಶ್ರೀಕಂಠನ ಷಡ್ಡಕನಾಗಿ ಬದುಕಬೇಕು. ಇಲ್ಲ ಎಂದರೆ ತಟ್ಟೆಯ ಆ ಹಳ್ಳದಲ್ಲೇ. ರೈಲಿನುದ್ದಕ್ಕೂ ಎರಡನ್ನೂ ನುಂಗಿ ನೋಡಿದ್ದ, ಎರಡೂ ಗಂಟಲಲ್ಲಿ ಇಳಿಯಲಿಲ್ಲ.

ದಿಬ್ಬದ ಮೇಲೆ ಕಾರು ನಿಂತಾಗ ಮೊದಲು ಕಂಡದ್ದು ಕೈಪಂಪು. ತನ್ನದೇ ನೀಲಿ, ತನ್ನದೇ ಎತ್ತರ, ಆದರೆ ಕೆಳಗೆ ಕಲ್ಲುಚಪ್ಪಡಿ, ನೀರು ಹರಿದು ಕರಿಬೇವಿಗೆ ಹೋಗುವ ಕಾಲುವೆ. ಆ ಕಾಲುವೆ ತನಗೆ ಹೊಳೆದಿರಲಿಲ್ಲ. ಒಳಗೆ ಡ್ರಮ್ಮುಗಳು, ಆದರೆ ಒಂದೊಂದಕ್ಕೂ ಚೀಟಿ. ಬಾಗಿಲ ಪಕ್ಕ ಸೀಟಿ, ಆದರೆ ಹಿತ್ತಾಳೆಯದು, ಅದೂ ಒರೆಸಿಟ್ಟದ್ದು. ಕದ್ದವನನ್ನು ಹಿಡಿಯಬಹುದು, ಕದ್ದು ಚೆನ್ನಾಗಿ ಮಾಡಿದವನನ್ನು ಏನು ಮಾಡುವುದು?

"ಬನ್ನಿ ಭಾವ," ಎಂದು ಕೃಪಾ ಕೈ ಒರೆಸಿಕೊಳ್ಳುತ್ತ ಬಂದಳು. "ನಿಮ್ಮ ಪ್ಯಾಂಟು ನೋಡಿ, ಈಗಲೂ ಹಡಗಿನಿಂದ ಇಳಿದು ಬಂದ ಹಾಗೇ ಇದೀರ. ಇವರೂ ಇದಾರೆ, ಒಂದು ಬನಿಯನ್ ಬೆಳ್ಳಗೆ ಇಟ್ಕೊಳ್ಳಕ್ಕಾಗಲ್ಲ."

ರಘುನಂದನನಿಗೆ ಅಷ್ಟರಲ್ಲೇ ಸ್ವಲ್ಪ ಪ್ರಾಣ ಬಂತು. ಅವನ ಬಿಳಿ ಪ್ಯಾಂಟಿನ ಇಸ್ತ್ರಿಯ ಗೆರೆ ಕತ್ತಿಯ ಅಲಗು, ಅದರಿಂದ ಸೌತೆಕಾಯಿ ಹೆಚ್ಚಬಹುದು. ನಿವೃತ್ತಿಯಾದರೂ ಬೇರೆ ಬಣ್ಣ ಹಾಕಿದವನಲ್ಲ. "ನೀವು ಮಾತಾಡ್ತಿರಿ, ನಾನು ಹಿಂದೆ ಒಂದು ಸುತ್ತು ನೋಡಿ ಬರ್ತೀನಿ," ಎಂದ. ದೋಷ ಹುಡುಕಲು ಹೊರಟಿದ್ದ. ದೋಷವಿಲ್ಲದ ಜಾಗ ದೇವರೂ ಮಾಡಿಲ್ಲ, ಇನ್ನು ಈ ಬ್ಯಾಂಕಿನವನು. ಬೇಲಿ ಗಟ್ಟಿಯಾಗಿತ್ತು. ಇಳಿಜಾರು ಸರಿಯಾಗಿತ್ತು. ಗಾಳಿ ಬರುವ ಕಡೆ ಮರಗಳನ್ನು ನಿಲ್ಲಿಸಿದ್ದ, ಅದೂ ತಾನು ಹೇಳಿದ್ದೇ. ಮಾವಿನ ಸಾಲು ಮುಗಿದು, ಬೇಲಿಯ ಸಣ್ಣ ಗೇಟು ದಾಟಿ, ಹುಣಸೆಮರದ ಆಚೆ ಇಳಿದವನು ಅಲ್ಲೇ ನಿಂತುಬಿಟ್ಟ.

ಗಡಿಕಲ್ಲುಗಳು. ಕೆಂಪು ಬಣ್ಣ ಬಳಿದ, ಮೊಣಕಾಲೆತ್ತರದ ಕಲ್ಲುಗಳು, ಸಾಲಿಗೆ ಸಾಲು, ದಿಬ್ಬದ ಬುಡದಿಂದ ಕಣ್ಣು ಸೋಲುವವರೆಗೆ, ರಸ್ತೆಗೆ ಜಾಗ ಬಿಟ್ಟು, ಚೌಕ ಚೌಕವಾಗಿ. ಭೂಮಂಡಲದಲ್ಲಿ ಇಷ್ಟು ಚೆಂದದ ದೃಶ್ಯವನ್ನು ಅವನು ನೋಡಿರಲಿಲ್ಲ. ಇದರ ಮುಂದೆ ಮಲಬಾರಿನ ಸೂರ್ಯಾಸ್ತವಿಲ್ಲ, ಅಂಡಮಾನಿನ ಹುಣ್ಣಿಮೆಯಿಲ್ಲ. ಬಂತು, ಇಲ್ಲಿಗೂ ಬಂತು. ಆನೆ ಬರುತ್ತದೆ, ಆರ್ಚು ಬರುತ್ತದೆ, ಹಿತ್ತಾಳೆ ಸೀಟಿಯ ಪಕ್ಕದಲ್ಲೇ ಹಾಸ್ಟೆಲು ಏಳುತ್ತದೆ, ಶ್ರೀಕಂಠನ ಕೋಳಿಗೂ ನಿದ್ದೆ ಕೆಡುತ್ತದೆ. ಕಣ್ತುಂಬ ನೋಡಲು ಹತ್ತಿರದ ಕಲ್ಲಿನ ಮೇಲೆ ಕೂತ. ನಗು ಒಳಗಿಂದ ಬುಗ್ಗೆಯಂತೆ ಬರುತ್ತಿತ್ತು. ಎಷ್ಟು ಹೊತ್ತು ಕೂತನೋ. ಆಮೇಲೆ ಯೋಚನೆ ಹರಿಯಿತು. ಹೇಳಬೇಕೇ? ಹೇಳಿದರೆ, ನೋಡು, ಮುಂದಾಲೋಚನೆ ಅಂದರೆ ಇದು ಎಂದು ಎದೆ ಉಬ್ಬಿಸಬಹುದು. ಆದರೆ ಹೇಳಿದ ಮರುಘಳಿಗೆ ಶ್ರೀಕಂಠ ಹೂಂ ರಘಣ್ಣ ಎಂದು ತಲೆಯಾಡಿಸಿ, ಮಾರಿ, ಇನ್ನೂ ಎತ್ತರದ ಇನ್ನೊಂದು ದಿಬ್ಬ ಹಿಡಿದು, ಅಲ್ಲಿ ಪಂಪಿಗೆ ಬೆಳ್ಳಿಯ ಹಿಡಿಕೆ ಹಾಕಿಸಿಬಿಡುತ್ತಾನೆ. ಮತ್ತೆ ಅವನೇ ಮುಂದೆ. ಹೇಳದೆ ಇದ್ದರೆ? ಒಬ್ಬ ಮನುಷ್ಯನ ಮನೆಗೆ ಬರುವ ಆಪತ್ತನ್ನು ಕಣ್ಣಾರೆ ಕಂಡು, ಅವನ ಮನೆಯ ಅನ್ನ ಉಂಡು, ಬಾಯಿ ಒರೆಸಿಕೊಂಡು ರೈಲು ಹತ್ತುವುದು. ಲಕ್ಷ್ಮೀಕಾಂತಮ್ಮ ಪೈಪು ಹಿಡಿದು ನಿಂತದ್ದು ಯಾಕೋ ನೆನಪಾಯಿತು. ಆಕೆ ಕೇಳಿಯಾದರೂ ಕೇಳಿದ್ದಳು. ರಘುನಂದನ ಎದ್ದು, ಹೇಳುವುದಿಲ್ಲ ಎಂದು ತೀರ್ಮಾನಿಸಿ, ಸಣ್ಣಗೆ ಗುನುಗಿಕೊಳ್ಳುತ್ತ ಮೇಲೆ ಬಂದ. ಅಪ್ಪಟ ಗಂಡಸಿನ ತೀರ್ಮಾನ. ಗೇಟಿನ ಚಿಲಕ ಹಾಕಿ ಮನೆಯೊಳಗೆ ಬಂದು, ಡ್ರಮ್ಮುಗಳ ಮುಂದೆ ಬಗ್ಗಿ ಒಂದೊಂದು ಚೀಟಿಯನ್ನೂ ಓದಿದ.

ಊಟಕ್ಕೆ ಕೃಪಾ ಮುದ್ದೆ ಮಾಡಿದ್ದಳು, ಗೋಂಗೂರ ಸೊಪ್ಪಿನ ಸಾರು, ಜೊತೆಗೆ ಮಾಗಾಯಿ ಉಪ್ಪಿನಕಾಯಿ. ರಘುನಂದನ ಯಾವತ್ತೂ ಇಲ್ಲದಷ್ಟು ಉಂಡ, ಯಾವತ್ತೂ ಇಲ್ಲದಷ್ಟು ಹೊಗಳಿದ. ಎಂಥಾ ಜಾಗ ಶ್ರೀಕಂಠ, ನೂರು ವರ್ಷ ಯಾರೂ ನಿನ್ನನ್ನ ಅಲ್ಲಾಡಿಸಲ್ಲ ಎಂದ. ಕೃಪಾ ಅಕ್ಕನ ಮುಖ ನೋಡಿದಳು. ಕಮಲಾಕ್ಷಿ ಎಲೆಯ ಅಂಚನ್ನು ಮಡಿಸುತ್ತಿದ್ದಳು. ನೀರು ತರಲು ಅವನು ಎದ್ದು ಹೋದ. ತಿರುಗಿದರೆ ಮೂವರೂ ತಮ್ಮ ತಮ್ಮ ಎಲೆ ನೋಡುತ್ತಿದ್ದರು.

"ರಘಣ್ಣ, ಕರೆಸಿದ ವಿಷಯ," ಎಂದ ಶ್ರೀಕಂಠ. "ಹಿಂದೆ ಹೋಗಿದ್ರಲ್ಲ, ಕಲ್ಲು ನೋಡಿದ್ರಾ?"

"ಕಲ್ಲಾ? ಯಾವ ಕಲ್ಲು? ನಾನು ಮಾವಿನ ಮರದವರೆಗೇ ಹೋಗಿದ್ದು."

ಶ್ರೀಕಂಠ ಸಾರಿನಲ್ಲಿ ಬೆರಳಾಡಿಸಿದ. "ಕೆಳಗಿನ ಜಮೀನಿನೋರು ಲೇಔಟಿಗೆ ಕೊಟ್ಟುಬಿಟ್ರು. ಇವತ್ತು ಬೆಳಿಗ್ಗೆ ಬಣ್ಣ ಬಳೀತಿದ್ರು."

"ಹೌದೇನು," ಎಂದ ರಘುನಂದನ. "ಅಯ್ಯೋ ಪಾಪ."

"ರೀ," ಎಂದಳು ಕಮಲಾಕ್ಷಿ. ಬಹಳ ಮೆತ್ತಗೆ ಎಂದಳು, ಅವಳು ಅಷ್ಟು ಮೆತ್ತಗೆ ಮಾತಾಡಿದ್ದು ಮದುವೆಯ ದಿನ ಮಾತ್ರ. "ಒಳಗೆ ಹೋಗಿ ಇವರದೊಂದು ಲುಂಗಿ ಸುತ್ಕೊಂಡು ಬನ್ನಿ. ಪ್ಯಾಂಟಿಗೆ ಹಿಂದೆ ಕೆಂಪು ಬಣ್ಣ ಆಗಿದೆ."

ನೌಕಾಪಡೆಯಲ್ಲಿ ಬಣ್ಣ ಬಳಿಯುವುದೇ ಅರ್ಧ ನೌಕರಿ. ಎರಡು ಡೆಕ್ಕಿನ ಆಚೆಯಿಂದ ಹಸಿ ಬಣ್ಣದ ವಾಸನೆ ಹಿಡಿಯುತ್ತಿದ್ದ ಮೂಗು ಅವನದು. ಸಂತೋಷ ಆ ಮೂಗನ್ನೂ ಕಟ್ಟಿಬಿಟ್ಟಿತ್ತು. ಕೈ ಹಿಂದಕ್ಕೆ ಹೋಯಿತು, ಬೆರಳಿಗೆ ಅಂಟು ಹತ್ತಿತು. ಮನೆಯೊಳಗೆ ಬಂದದ್ದು, ಡ್ರಮ್ಮುಗಳ ಮುಂದೆ ಬಗ್ಗಿ ನಿಂತು ಚೀಟಿ ಓದಿದ್ದು, ನೂರು ವರ್ಷ ಎಂದದ್ದು, ನೀರಿಗೆ ಎದ್ದದ್ದು, ಎಲ್ಲವೂ ಅವನ ಬೆನ್ನ ಹಿಂದೆ ಸೂರ್ಯನಷ್ಟು ದೊಡ್ಡ ಕೆಂಪು ಮುದ್ರೆ ಹೊತ್ತು ನಡೆದಿತ್ತು. ಮೂವರಿಗೂ ಮೊದಲಿನಿಂದ ಗೊತ್ತಿತ್ತು. ಅವನು ಹೇಳುತ್ತಾನೆಯೇ ಎಂದು ಕಾದಿದ್ದರು.

ಲುಂಗಿ ಸುತ್ತಿಕೊಂಡು, ಪ್ಯಾಂಟನ್ನು ಸುರುಳಿ ಮಾಡಿ ಹಿಡಿದು ಪಂಪಿನ ಹತ್ತಿರ ಬಂದಾಗ ಶ್ರೀಕಂಠ ಆಗಲೇ ಅಲ್ಲಿ ಸೀಮೆಎಣ್ಣೆಯ ಬಾಟಲಿ ಹಿಡಿದು ನಿಂತಿದ್ದ. "ನೀವೇ ಹೇಳಿದ್ದು, ಎಲ್ಲಿ ಸಿಕ್ಕರೂ ಒಂದು ಬಾಟ್ಲಿ ಇಟ್ಟಿರು ಅಂತ. ಈಗೆಲ್ಲಿ ಸಿಗುತ್ತೆ ಹೇಳಿ. ಉಜ್ಜಿ, ಹೋಗುತ್ತೆ." ಕಲ್ಲಿನ ವಿಷಯ ಎತ್ತಲಿಲ್ಲ. ಎತ್ತಿ ಬೈದಿದ್ದರೆ ರಘುನಂದನ ಅವನನ್ನು ಒಂದೇ ಉಸಿರಿಗೆ ಬಂಗಾಳಕೊಲ್ಲಿಗೆ ಎಸೆಯುತ್ತಿದ್ದ. ಈಗ ಸುಮ್ಮನೆ ಚಪ್ಪಡಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಉಜ್ಜತೊಡಗಿದ.

"ನಾವೂ ಕೊಟ್ಟುಬಿಟ್ವಿ ರಘಣ್ಣ, ಈ ಜಾಗಾನ," ಎಂದ ಶ್ರೀಕಂಠ ಪಂಪು ಒತ್ತುತ್ತ. "ಇನ್ನೆಲ್ಲಿಗೆ ಓಡೋದು? ದಿಬ್ಬ ದಿಬ್ಬ ಹತ್ತಿ ಮೊಣಕಾಲು ಹೋಗುತ್ತೆ ಅಷ್ಟೆ. ಕೃಪಾ ಹೇಳಿದಳು, ಭಾವನ ಪಕ್ಕ ಹೋಗೋಣ ಅಂತ. ನಿಮ್ಮ ಗೋಡೆ ಹತ್ರ ಅಪಾರ್ಟ್‌ಮೆಂಟ್ ಇದೆಯಲ್ಲ, ಮೂರನೇ ಮಹಡಿ ತಗೊಂಡ್ವಿ. ಬಾಲ್ಕನೀಲಿ ನಿಂತರೆ ನಿಮ್ಮ ಬಾವಿ ಕಾಣುತ್ತೆ."

ಕೈ ನಿಂತಿತು. ಮೂರನೇ ಮಹಡಿ. ಮೇಲಿನಿಂದ. ಬೆಳಿಗ್ಗೆ ಹಲ್ಲುಜ್ಜುತ್ತ ಈ ಮುಖ ತನ್ನ ಬಾವಿಯೊಳಗೆ ಇಣುಕುವುದು ಅವನಿಗೆ ಕಂಡಿತು.

ಜಗಲಿಯಿಂದ ಕಮಲಾಕ್ಷಿ, "ಹಂಗಾದ್ರೆ ನಾವೆಲ್ಲಿಗೆ ಬರೋದು?" ಎಂದಳು, ಹೂಡಿದ ಒಲೆ ಕೈಯಲ್ಲೇ ಉಳಿದವಳಂತೆ.

"ಎಲ್ಲಿಗೂ ಬೇಡ ಅತ್ತಿಗೆ. ನೀವು ಅಲ್ಲಿದೀರ ಅಂತ ತಾನೆ ನಾವು ಬರ್ತಿರೋದು. ಫ್ಲ್ಯಾಟು ಕೊಡಿಸಿದ ಆ ಕೃಷ್ಣಚೈತನ್ಯ ಅಂತೂ ಪ್ರಮಾಣ ಮಾಡಿ ಹೇಳಿದ, ಪಕ್ಕದ ತೋಟ ಎಲ್ಲೂ ಹೋಗಲ್ಲ ಸಾರ್, ಅಂಕಲ್ ಸಾಯೋವರೆಗೂ ಮಾರಲ್ಲ ಅಂತ." ಶ್ರೀಕಂಠ ರಘುನಂದನನ ಕಡೆ ತಿರುಗಿದ. ಹಿಡಿಕೆಯ ಮೇಲೆ ಕೈ ಹಾಗೇ ಇತ್ತು. "ಅವತ್ತು ನೀರು ಬಂದಾಗ ಟೀವಿಯೋರಿಗೆ ನಿಮ್ಮ ಹೆಸರು ಹೇಳಿದ್ದೆ. ಕತ್ತರಿಸಿಬಿಟ್ರು. ನನಗೆ ಕೈಕಾಲು ಆಡ್ತಿರಲಿಲ್ಲ, ನೀವು ಹೇಳಿದ್ದು ಒಂದೊಂದೇ ಜ್ಞಾಪಿಸಿಕೊಂಡು ಮಾಡಿದೆ. ಇನ್ನೊಂದು ಸಲ ನನ್ನ ಕೈಲಾಗಲ್ಲ. ನೀವು ಹತ್ತಿರ ಇರಬೇಕು."

ಎಂಥಾ ಮಾತು ಆಡಿದ. ಎಷ್ಟೋ ವರ್ಷದಿಂದ ಸೀಟಿ ಹಿಡಿದು ಕಾದದ್ದು ಇದೊಂದು ಮಾತಿಗಾಗಿ. ಆದರೆ ಅದನ್ನು ಆಡಬೇಕಾದವನು ಮುಳುಗುತ್ತಿರಬೇಕಿತ್ತು, ತಾನು ಇಸ್ತ್ರಿಯ ಪ್ಯಾಂಟಿನಲ್ಲಿ ದಡದಲ್ಲಿ ನಿಂತಿರಬೇಕಿತ್ತು. ಇದು ತಿರುಗಾಮುರುಗಾ. ಹೆಸರು ಹೇಳಿದ್ದನಂತೆ. ಒಳ್ಳೆಯತನದಲ್ಲೂ ಇವನೇ ಮುಂದೆ ಹೋಗಿ ಕೂತುಬಿಟ್ಟನಲ್ಲ ಎಂದು ರಘುನಂದನನಿಗೆ ಕಣ್ಣಲ್ಲಿ ನೀರು ಬಂತು. ಸೀಮೆಎಣ್ಣೆಯ ಘಾಟು ಎಂದು ಮೂಗು ಉಜ್ಜಿಕೊಂಡ.

ಅಂಗಿಯ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಕೃಷ್ಣಚೈತನ್ಯ. ಎಣ್ಣೆಗೈಯಲ್ಲಿ ಎತ್ತಿ ಕಿವಿಗಿಟ್ಟ. ಆ ಹುಡುಗ ಉಸಿರು ಬಿಡದೆ ತೆಲುಗಿನಲ್ಲಿ ಹರಿದ: ನಾಳೆ ಬೆಳಿಗ್ಗೆಯೇ ಪೇಪರು ತರುತ್ತೇನೆ ಅಂಕಲ್, ಕ್ಲಬ್ ಹೌಸಿಗೆ ಈಜುಕೊಳವೂ ಸೇರಿಸಿದ್ದೇವೆ, ಬಾವಿ ಇರುವ ಜಾಗದಲ್ಲೇ, ನಿಮ್ಮ ಹೆಸರು ಕರಿಕಲ್ಲಿನಲ್ಲಿ ಕೆತ್ತಿಸುತ್ತೇವೆ, ಫೋಟೋ ಸಹ...

"ಚಾಲು," ಎಂದ ರಘುನಂದನ.

ಅಚ್ಚ ತೆಲುಗಿನ ಚಾಲು. ಸಾಕು. ಲಕ್ಷ್ಮೀಕಾಂತಮ್ಮ ಕೇಳಿದ್ದರೆ ಒಪ್ಪುವಂಥದ್ದು. ಆ ಕಡೆ ಮಾತು ಕತ್ತರಿಸಿದಂತೆ ನಿಂತಿತು. ಹಾಗಾದರೆ ಮಾರುವುದಿಲ್ಲವಾ ಅಂಕಲ್ ಎಂಬ ಸಣ್ಣ ದನಿ ಬಂತು. ಇಲ್ಲ ಎಂದು ಫೋನು ಜೇಬಿಗೆ ಹಾಕಿಕೊಂಡ.

ಈ ಕಡೆ ಶ್ರೀಕಂಠ, ರಘಣ್ಣನ ಬಾಯಿಂದ ಒಂದು ತೆಲುಗು ಪದವನ್ನೂ ಕೇಳಿ ಗೊತ್ತಿಲ್ಲದವನು, ಅದನ್ನು ಕುಣಿಗಲ್ಲಿನ ಚಾಲೂ ಎಂದೇ ತಿಳಿದು ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಒತ್ತತೊಡಗಿದ. ನೀರು ಬಕೆಟಿನ ಅರ್ಧಕ್ಕೆ ಬಂತು, ಅರ್ಧ ದಾಟಿತು, ಅಂಚಿಗೆ ಬಂತು, ಉಕ್ಕಿ ಚಪ್ಪಡಿಯ ಮೇಲೆ ಹರಿದು ರಘುನಂದನನ ಪಾದ ತೋಯಿಸಿತು. ಅವನು ಬೇಡವೆನ್ನಲಿಲ್ಲ. ಪ್ಯಾಂಟಿನ ಕೆಂಪು ಮಾಸಿ ಗುಲಾಬಿಯಾಗಿತ್ತು, ಹೋಗಿರಲಿಲ್ಲ. ಒತ್ತಲಿ, ಚೆನ್ನಾಗಿ ಒತ್ತಲಿ, ಅಂದುಕೊಂಡ. ಮೂರನೇ ಮಹಡಿ ಎಷ್ಟಾದರೂ ಎತ್ತರ. ತನ್ನ ನೆಲವೋ ತಟ್ಟೆಯ ನಡುವಿನ ಹಳ್ಳ, ಸುತ್ತ ಎತ್ತರಿಸಿದ ರಸ್ತೆ. ಈ ಸಲ ನೀರು ಬಂದರೆ ಮೊದಲು ನುಗ್ಗುವುದು ತನ್ನ ಮನೆಗೇ. ಶ್ರೀಕಂಠ ಬಾಲ್ಕನಿಯಲ್ಲಿ ನಿಂತು ನೋಡಬಹುದು, ಅಷ್ಟೇ.